ಲಗಮವ್ವನ ಕೆಮ್ಮು

ಬೈಲಹೊಂಗಲದ ಕಂಚುಗಾರ ಮಲಕಾಜಪ್ಪ ಎರೆದ ಎತ್ತಿನ ಗಂಟೆಗಳಿಗೆ ಸುತ್ತಲಿನ ಹಳ್ಳಿಗಳಲ್ಲಿ ದೊಡ್ಡ ಹೆಸರು. ಆದರೆ ಬೆಂಕಿ ನೋಡಿ ನೋಡಿ ಅವನ ಕಣ್ಣಿಗೆ ಪೊರೆ ಬಂದು, ಬಣ್ಣವೇ ತಿಳಿಯದಂತಾಗಿ ಆರು ವರ್ಷವಾಗಿತ್ತು. ಅದು ಗೊತ್ತಿದ್ದವಳು ಹೆಂಡತಿ ಲಗಮವ್ವ ಒಬ್ಬಳೇ. ಕಂಚು ಕಾಯುವ ಮೂಸೆಯ ಮೇಲೆ ಜ್ವಾಲೆ ಹಸಿರಾದರೆ ಎರಕಕ್ಕೆ ಹದ ಬಂತೆಂದು ಅರ್ಥ. ಆಗ ತಿದಿಯೊತ್ತುತ್ತ ಕುಳಿತ ಅವಳು ಕೆಮ್ಮುವಳು, ಅವನು ಅಚ್ಚಿಗೆ ಎರೆಯುವನು. ಈ ಗುಟ್ಟು ಹೊರಬಿದ್ದರೆ ಗಂಟೆ ಮಾಡಿಸಲು ಯಾರು ಬರುತ್ತಾರೆ? ಹಾಗಾಗಿ ಅವಳು ಒಲೆ ಬಿಟ್ಟು ಕದಲುವಂತಿರಲಿಲ್ಲ.

೧೯೦೭ರ ನಾಗರಪಂಚಮಿಗೂ ಅವಳನ್ನು ತವರಿಗೆ ಕರೆದೊಯ್ಯಲು ನೇಸರಗಿಯಿಂದ ಅವಳ ಅಣ್ಣ ನೀಲಪ್ಪ ಚಕ್ಕಡಿ ಹೂಡಿಕೊಂಡು ಬಂದ. ಮೂಸೆಯಲ್ಲಿದ್ದ ಎರಕವೊಂದು ಮುಗಿದರೆ ಹಬ್ಬಕ್ಕೆ ಹೋಗಬಹುದೆಂದು ಅವಳು ಸೀರೆ ಗಂಟು ಕಟ್ಟಿಟ್ಟಿದ್ದಳು.

“ಮಾವ, ಈ ಸಲನಾದ್ರೂ ತಂಗೀನ್ನ ಕಳಸ್ರಿ,” ಎಂದ ಅಣ್ಣ ಮಲಕಾಜಪ್ಪನಿಗೆ.

ಅಷ್ಟರಲ್ಲೇ ಜ್ವಾಲೆ ಹಸಿರಾಯಿತು. ಹಾಳಾದ್ದು, ಇನ್ನೊಂದು ಗಳಿಗೆ ತಡೆಯಬಾರದಿತ್ತೆ! ಲಗಮವ್ವ ಗಟ್ಟಿಯಾಗಿ ಕೆಮ್ಮಿದಳು. ಗಂಡ ಎರೆದ.

“ಇನ್ನೂ ಕೆಮ್ಮ ಹೋಗಿಲ್ಲೇನವಾ? ಇಂಥಾಕಿನ್ನ ಮಳ್ಯಾಗ ಹ್ಯಾಂಗ ಕರಕೊಂಡು ಹೋಗ್ಲಿ?” ಎಂದು ಮರುಗಿದ ನೀಲಪ್ಪ, ಹೋದ ವರ್ಷದಂತೆಯೇ ಅವ್ವ ಕಳಿಸಿದ ಶುಂಠಿಯನ್ನು ಅವಳ ಕೈಗಿಟ್ಟ. ಅವಳು ಸೀರೆ ಗಂಟನ್ನು ಒಳಗಿಟ್ಟು ಬಂದಳು.

ಖಾಲಿ ಚಕ್ಕಡಿ ತಿರುಗಿತು. ಅವಳ ಕೆಮ್ಮಿಗೇ ಎರೆದ ಗಂಟೆಗಳು ಎತ್ತಿನ ಕೊರಳಲ್ಲಿ ಗಣಗಣ ಎನ್ನುತ್ತ ಅವಳ ತವರಿಗೆ ಹೋದವು.