ಚರ್ಚಿಗೆ ಬಾರದವರ ಪಟ್ಟಿ

ಗೆಳೆಯರೇ, ಗಚ್ಚಿಬೌಲಿಯ ನಮ್ಮ ಆಫೀಸಿನಲ್ಲಿ ಇಂಗ್ಲೆಂಡಿನ ಹಳೆಯ ಚರ್ಚ್ ದಾಖಲೆಗಳನ್ನು ಆನ್‌ಲೈನಿಗೆ ಏರಿಸುತ್ತೇವೆ. ಅಲ್ಲಿನ ಮಹಿಳೆಯೊಬ್ಬರು ತಮ್ಮ ಕ್ಯಾಥೊಲಿಕ್ ಪೂರ್ವಜರನ್ನು ಹುಡುಕಿಕೊಡಿ ಎಂದಿದ್ದರು. ನಾಮಕರಣ, ಮದುವೆ, ಸಮಾಧಿ, ಯಾವ ಪುಸ್ತಕದಲ್ಲೂ ಆ ಮನೆತನವಿಲ್ಲ. ಇವತ್ತು ಸಂಜೆಯೊಳಗೆ "ಸಿಗಲಿಲ್ಲ" ಎಂದು ಬರೆದುಬಿಡಬೇಕಿತ್ತು.

ಪಕ್ಕದ ಸೀಟಿನ ವಿಜಯಪುರದ ಶಾಂತಕ್ಕ ಇಣುಕಿದರು. "ಕ್ಯಾಥೊಲಿಕ್ ಮಂದಿ ರಾಜನ ಚರ್ಚಿಗೆ ಯಾಕ ಬರ್ತಾರ್ರಿ? ಬರಲಾರದವರ ಪಟ್ಟಿ ನೋಡ್ರಿ."

ರಾಜನ ಪ್ರಾಟೆಸ್ಟಂಟ್ ಚರ್ಚಿಗೆ ಬಾರದಿರುವುದು ಆ ಕಾಲದಲ್ಲಿ ಅಪರಾಧ; ಬಾರದವರ ಹೆಸರು ಬರೆದಿಡುತ್ತಿದ್ದರು. ಆ ಪಟ್ಟಿ ತೆರೆದರೆ ಅದೇ ಮನೆತನ: ಗಂಡ, ಹೆಂಡತಿ, ವಿಧವೆ ತಾಯಿ, ಮೂವರೂ ವರ್ಷವರ್ಷವೂ ಗೈರುಹಾಜರು. ಬರೆದವನು ಒಮ್ಮೆಯೂ ಮರೆತಿಲ್ಲ.

ಅಷ್ಟರಲ್ಲಿ ಎಚ್‌ಆರ್ ಮೇಲ್ ಬಂತು, ಈ ತಿಂಗಳು ಹಾಜರಾತಿ ಕಡಿಮೆಯಿದ್ದವರ ಪಟ್ಟಿ. ಮೊದಲ ಹೆಸರು ನನ್ನದೇ. ಡಿಲೀಟ್ ಒತ್ತಲು ಹೋದೆ.

"ಇರಲಿ ಬಿಡ್ರಿ," ಎಂದರು ಶಾಂತಕ್ಕ, "ನಿಮ್ಮ ಮರಿಮಕ್ಕಳು ಹುಡುಕ್ಯಾರು."