ಸ್ವೆಟರ್ ಮೇಲೆ ತೆಗೆಯಬೇಕಿದ್ದ ಅಳತೆ

2002ರಲ್ಲಿ ನಾನು ಮ್ಯೂನಿಕ್ ಪಕ್ಕದ ಉಂಟರ್‌ಫ್ಯೋರಿಂಗ್‌ನ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಪ್ರೋಗ್ರಾಮರ್ ಆಗಿದ್ದೆ. ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಆಗ ಕೊಡುತ್ತಿದ್ದ 'ಗ್ರೀನ್ ಕಾರ್ಡ್' ವೀಸಾ ಮೇಲೆ ಹೋಗಿ ಹತ್ತು ತಿಂಗಳಾಗಿತ್ತು. ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತಿತ್ತು. ನನ್ನ ಜರ್ಮನ್ ಬೇಕರಿಯಲ್ಲಿ ಬ್ರೆಡ್ ಕೊಳ್ಳುವಷ್ಟು.

ಪರ್ವತಾರೋಹಣದ ಸಾಮಾನು ಮಾರುವ ಅಂಗಡಿಯೊಂದು ತನ್ನ ವೆಬ್‌ಸೈಟಿಗೆ ಒಂದು ಪುಟ ಕೇಳಿತ್ತು. ಹೆಪ್ಪುಗಟ್ಟಿದ ಜಲಪಾತ ಹತ್ತುವವರು ತಮ್ಮ ಅಳತೆ ಕೊಟ್ಟರೆ ಯಾವ ಹಾರ್ನೆಸ್ ಸರಿ ಎಂದು ಅದು ಹೇಳಬೇಕು. ಹಾರ್ನೆಸ್ ಎಂದರೆ ಸೊಂಟಕ್ಕೂ ಎರಡು ತೊಡೆಗಳಿಗೂ ಬಿಗಿಯುವ ಪಟ್ಟಿ. ಹಗ್ಗ ಕಟ್ಟುವುದು ಅದಕ್ಕೇ. ಅಂಗಡಿಯ ಸಲಹೆಗಾರ್ತಿ ಫ್ರೌ ಲೆಶ್ನರ್, ಐವತ್ತು ದಾಟಿದ ಹಳೆಯ ಆರೋಹಿ, ಬಂದು ಎಲ್ಲವನ್ನೂ ಜರ್ಮನ್‌ನಲ್ಲಿ ವಿವರಿಸಿದರು. ಅರ್ಧ ನನಗೆ ತಿಳಿಯಲಿಲ್ಲ. ದಡ್ಡನೆಂದುಕೊಂಡಾರು ಎಂಬ ಅಳುಕಿನಿಂದ "ಯಾ, ಯಾ" ಎಂದು ತಲೆಯಾಡಿಸಿದೆ. ಹೋಗುವಾಗ ಕೈಬರಹದ ಎರಡು ಹಾಳೆ ಕೊಟ್ಟರು. ಅವನ್ನು ಡ್ರಾಯರಿಗೆ ಹಾಕಿ, ಬಂಡೆ ಹತ್ತುವವರಿಗಾಗಿ ಮೊದಲೇ ಇದ್ದ ಸೈಜ್ ಪಟ್ಟಿಯನ್ನೇ ಪುಟಕ್ಕೆ ಜೋಡಿಸಿದೆ.

ಪುಟ ಡಿಸೆಂಬರಿನಲ್ಲಿ ಶುರುವಾಯಿತು. ಜನವರಿ ಕೊನೆಗೆ ಅಂಗಡಿಗೆ ಒಬ್ಬ ಶಾಲಾ ಶಿಕ್ಷಕಿಯ ಪತ್ರ ಬಂತು. ಪುಟ ಸೂಚಿಸಿದ ಸೈಜನ್ನೇ ಆಕೆ ಕೊಂಡಿದ್ದರು. ಮಂಜುಗಡ್ಡೆಯ ಬುಡದಲ್ಲಿ ನಿಂತು ಕಟ್ಟಿಕೊಳ್ಳಲು ಹೋದರೆ, ದಪ್ಪ ಬಟ್ಟೆಗಳ ಮೇಲೆ ಪಟ್ಟಿ ಬಕಲ್‌ವರೆಗೆ ಎಟುಕಲಿಲ್ಲ. ಒಳಗಿನ ಎರಡು ಸ್ವೆಟರ್ ಬಿಚ್ಚಿ ಚೀಲಕ್ಕೆ ತುರುಕಿ, ಹೇಗೋ ಬಿಗಿದುಕೊಂಡರು. ಊಟೆ ಎಂಬ ಗೆಳತಿ ಮಂಜುಗಡ್ಡೆ ಹತ್ತುತ್ತಿದ್ದಾಗ ಈಕೆ ಕೆಳಗೆ ಅವಳ ರಕ್ಷಣೆಯ ಹಗ್ಗ ಹಿಡಿದು ಒಂದು ಗಂಟೆ ನಿಂತಿದ್ದರು. ಚಳಿಗೆ ಕೈ ಮರಗಟ್ಟಿತು. ಊಟೆ ಜಾರಿದಾಗ ಹಗ್ಗ ಕೈಯೊಳಗಿಂದ ಓಡಿತು. ಊಟೆಯ ಕಾಲಿನ ಗಿಣ್ಣು ಮುರಿಯಿತು. ಪತ್ರದಲ್ಲಿ ದೂರಿರಲಿಲ್ಲ, ಒಂದು ಪ್ರಶ್ನೆ ಮಾತ್ರ: ಏನು ತೊಟ್ಟಿರುತ್ತೀರಿ ಎಂದು ನಿಮ್ಮ ಪುಟ ಏಕೆ ಕೇಳಲಿಲ್ಲ?

ಮರುದಿನ ಮೀಟಿಂಗ್. ನಮ್ಮ ಬಾಸ್ ನನ್ನತ್ತ ತಿರುಗಿ, "ಫ್ರೌ ಲೆಶ್ನರ್ ಬಟ್ಟೆಯ ವಿಷಯ ನಿಮಗೆ ಹೇಳಿದ್ದರೇ?" ಎಂದು ಕೇಳಿದರು.

"ಇಲ್ಲ," ಎಂದೆ.

ಎದುರು ಕೂತಿದ್ದ ಫ್ರೌ ಲೆಶ್ನರ್ ನನ್ನನ್ನೇ ನೋಡಿದರು. "ಬಹುಶಃ ನಾನೇ ಸರಿಯಾಗಿ ಹೇಳಲಿಲ್ಲವೇನೋ," ಎಂದರು. ಅದೇ ವಾರ ಅಂಗಡಿಯವರು ಅವರನ್ನು ಸಲಹೆಯ ಕೆಲಸದಿಂದ ತೆಗೆದು ಗೋದಾಮಿಗೆ ಹಾಕಿದರು.

ಹಾಳೆಗಳನ್ನು ಸಹೋದ್ಯೋಗಿ ಶ್ರೀನಿಧಿಗೆ ಕೊಟ್ಟು ಓದಿಸಿದೆ. ಮೈಸೂರಿನವನು, ಜರ್ಮನ್ ಚೆನ್ನಾಗಿ ಬಲ್ಲವನು.

"ಮಗಾ, ಕ್ಲಿಯರ್ ಆಗಿ ಬರ್ದಿದಾರಲ್ಲೋ. ಅಳತೆನ ಎಲ್ಲಾ ಬಟ್ಟೆ ಹಾಕ್ಕೊಂಡು ತಗೋಬೇಕು, ತೊಡೆ ಪಟ್ಟಿಗೂ ಬಕಲ್ ಇರ್ಬೇಕು ಅಂತ. ಕೆಳಗೆ ಎರಡು ಗೆರೆ ಬೇರೆ ಎಳೆದಿದಾರೆ."

"ಈಗ ಹೇಳಿದ್ರೆ ಕೆಲಸ ಹೋಗತ್ತೆ ಕಣೋ. ಕೆಲಸ ಹೋದ್ರೆ ವೀಸಾ?"

"ಅವ್ರು ಆಗ್ಲೇ ಗೋದಾಮಲ್ಲಿ ಕೂತಿದಾರೆ, ಗುರು," ಎಂದಷ್ಟೇ ಹೇಳಿ ಹಾಳೆ ನನ್ನ ಕೈಗಿಟ್ಟ.

ಮತ್ತೂ ದಿನ ತಳ್ಳಿದೆ. ಕೊನೆಗೆ ಗೋದಾಮಿಗೇ ಹೋಗಿ ಕಲಿತ ನಾಲ್ಕು ಜರ್ಮನ್ ವಾಕ್ಯಗಳಲ್ಲಿ ತಪ್ಪು ಒಪ್ಪಿಕೊಂಡೆ. ಫ್ರೌ ಲೆಶ್ನರ್ ಕೈಯಲ್ಲಿದ್ದ ಪೆಟ್ಟಿಗೆ ಕೆಳಗಿಡದೆ, ನನಗೆ ತಿಳಿಯುವಂತೆ ನಿಧಾನವಾಗಿ ಹೇಳಿದರು: "ನನಗೆ ಗೊತ್ತಿತ್ತು. ಆ ಶಿಕ್ಷಕಿಗೆ ಹೇಳಿ. ಗೆಳತಿ ಬಿದ್ದದ್ದು ತನ್ನ ಕೈಯಿಂದಲೇ ಅಂದುಕೊಂಡಿದ್ದಾಳೆ."

ಬಾಸ್‌ಗೆ ನಿಜ ತಿಳಿಸಿ, ಅಂದೇ ಶಿಕ್ಷಕಿಗೆ ಫೋನ್ ಮಾಡಿ ಇಂಗ್ಲಿಷ್‌ನಲ್ಲಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಸರಿಯಾದ ಸೈಜ್ ಬಂದಿದ್ದರೆ ಸ್ವೆಟರ್ ಬಿಚ್ಚಬೇಕಿರಲಿಲ್ಲ, ಅಲ್ಲವೇ?" ಎಂದರು. ಹೌದು ಎಂದೆ. ಆಗ ಅವರು, "ಇದನ್ನು ಊಟೆಗೂ ಹೇಳುತ್ತೀರಾ? ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ," ಎಂದು ನಂಬರ್ ಕೊಟ್ಟರು. ಅದಕ್ಕೂ ಮಾಡಿದೆ. ಊಟೆ ನನ್ನ ಹೆಸರನ್ನು ಎರಡು ಸಲ ಕೇಳಿ ಬರೆದುಕೊಂಡು ಫೋನ್ ಇಟ್ಟರು.

ನನ್ನ ಕೆಲಸ ಉಳಿಯಿತು. ಫ್ರೌ ಲೆಶ್ನರ್‌ಗೆ ಹಳೆಯ ಜಾಗ ಮರಳಿತು. ಗೆಳತಿಯರು ಮತ್ತೆ ಮಾತಾಡಿದರೋ ನನಗೆ ತಿಳಿಯದು. ಆಮೇಲಿನ ವರ್ಷಗಳಲ್ಲಿ ಕೈಕೆಳಗಿನವರಿಗೆ ನಾನು ಕಲಿಸಿದ್ದು ಒಂದೇ: ತಿಳಿಯದಿದ್ದರೆ ಅಲ್ಲೇ ಕೇಳಿ, ತಪ್ಪಿದರೆ ಅಂದೇ ಹೇಳಿ. ಆ ಪುಟಕ್ಕೆ ಬೇಕಿದ್ದ ಪ್ರಶ್ನೆಯನ್ನು ಸೇರಿಸಲು ನನಗೆ ಹಿಡಿದದ್ದು ಇಪ್ಪತ್ತು ನಿಮಿಷ. ತಪ್ಪು ನನ್ನದೆಂದು ಹೇಳಲು ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನವೂ ಸರಿಯಾದ ಸಮಯಕ್ಕೆ ಆಫೀಸಿಗೆ ಹೋಗಿ, ಎಲ್ಲರ ಜೊತೆ ಕೂತು ಊಟ ಮಾಡಿದ್ದೆ.