ನಿಂಗೆ ಚಹಾ ಹೇಗ್ ಬೇಕು?

ನೆವಿಲ್ ಥ್ರೆಲ್ಫಾಲ್ ತನ್ನ ಅಡುಗೆಮನೆಯ ನಲ್ಲಿಯನ್ನು ತಾನೇ ಕೆಡಿಸಿದ. ಒಮ್ಮೆಯಲ್ಲ, ಮತ್ತೆ ಮತ್ತೆ. ಇವನ ನಡವಳಿಕೆ ಹದಗೆಟ್ಟಿದೆ ಎಂದರು ಅವನನ್ನು ನೋಡಿಕೊಳ್ಳುವ ಕಂಪನಿಯವರು. ಹದಗೆಟ್ಟಿದ್ದು ಯಾವುದು ಎಂದು ತಿಳಿಯಬೇಕಾದರೆ ಮೊದಲು ಅವನ ಚಹಾದ ಕಥೆ ಕೇಳಬೇಕು.

ನೆವಿಲ್‌ಗೆ ಹುಟ್ಟಿನಿಂದಲೇ ಬುದ್ಧಿ ನಿಧಾನ. ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ, ಅಪ್ಪ ಅಮ್ಮ ಬಸ್ಸು ಹತ್ತಿಸಿಕೊಂಡು ಹೋಗಿ ಊರಾಚೆಯ ದೊಡ್ಡ ಆಸ್ಪತ್ರೆಗೆ ಬಿಟ್ಟು ಬಂದರು. ಕಾಯಿಲೆಯಿಲ್ಲದವರನ್ನು ಸಾಯುವ ತನಕ ಇಟ್ಟುಕೊಳ್ಳುವ ಆಸ್ಪತ್ರೆ ಅದು. ಒಳಚಡ್ಡಿ ಕೂಡ ಸ್ವಂತದ್ದಲ್ಲ. ಒಗೆದು ಬಂದ ರಾಶಿಯಲ್ಲಿ ಕೈಗೆ ಸಿಕ್ಕಿದ್ದನ್ನು ಏರಿಸಿಕೊಳ್ಳಬೇಕು. ಚಹಾ ಹಂಡೆಯಲ್ಲಿ ಬರುತ್ತಿತ್ತು. ಹಾಲು, ಸಕ್ಕರೆ ಎಲ್ಲ ಮೊದಲೇ ಕಲಸಿ, ದನಕ್ಕೆ ಕಲಗಚ್ಚು ಬೆರೆಸಿದ ಹಾಗೆ. ಯಾರಿಗೆ ಹೇಗೆ ಬೇಕೆಂದು ಒಬ್ಬರೂ ಕೇಳಿದ್ದಿಲ್ಲ.

ಆ ಆಸ್ಪತ್ರೆ ಮುಚ್ಚಿತು. ಮನುಷ್ಯರನ್ನು ಹೀಗೆ ಕೂಡಿಹಾಕಬಾರದೆಂದು ಜನ ಬೀದಿಗಿಳಿದು ಮುಚ್ಚಿಸಿದರು. ಖರ್ಚು ಉಳಿಯುತ್ತದೆಂದು ಸರ್ಕಾರವೂ ಬಾಗಿಲೆಳೆಯಿತು. ನಡುವಯಸ್ಸಿಗೆ ಬಂದಿದ್ದ ನೆವಿಲ್‌ಗೆ ಫ್ಲೀಟ್‌ವುಡ್ ಎಂಬ ಮೀನುಗಾರರ ಊರಿನಲ್ಲಿ, ಟ್ರಾಮ್ ಹಳಿಯ ಪಕ್ಕ ಪುಟ್ಟ ಬಾಡಿಗೆಮನೆ ಸಿಕ್ಕಿತು. ಬಾಗಿಲು ಅವನದು, ಕೀಲಿ ಅವನದು. ದಿನಕ್ಕೊಂದಿಷ್ಟು ಹೊತ್ತು ನೆರವಿಗೆ ಒಬ್ಬರು ಬರುತ್ತಾರೆ. ಉಳಿದಂತೆ ಅವನದೇ ರಾಜ್ಯ.

ಮೊದಲ ದಿನ ನೆರವಿಗೆ ಬಂದವಳು ಡಾಟ್. ಮೀನು ಸೀಳುವ ಶೆಡ್ಡಿನಲ್ಲಿ ಅರ್ಧ ಆಯಸ್ಸು ಸವೆಸಿದ ಹೆಂಗಸು, ಗಂಟಲು ಹಡಗಿನ ಸೈರನ್ನಿನಂಥದ್ದು. ಕೆಟಲ್ ಇಟ್ಟವಳೇ ಕೂಗಿದಳು: "ಏ ನೆವಿಲ್, ನಿಂಗೆ ಚಹಾ ಹೇಗ್ ಬೇಕೋ?"

ಇದೇನೋ ಪರೀಕ್ಷೆ ಎಂದು ಹೆದರಿ ನೆವಿಲ್ ಗೋಡೆಗೆ ಅಂಟಿಕೊಂಡ.

"ಗೋಡೆ ಏನ್ ಹೇಳ್ಕೊಡುತ್ತೋ ಮಾರಾಯ? ಹಾಲು ಜಾಸ್ತಿನಾ, ಕಮ್ಮಿನಾ? ಸಕ್ಕರೆ?"

"ಗೊತ್ತಿಲ್ಲ."

"ಗೊತ್ತಿಲ್ವಾ? ಸರಿ ಬಿಡು, ಕುಡ್ದು ನೋಡೇಬಿಡೋಣ."

ಮಧ್ಯಾಹ್ನವಿಡೀ ಮೇಜಿನ ತುಂಬ ಕಪ್‌ಗಳು. ನೆವಿಲ್ ಕುಡಿದ, ಕಕ್ಕಸಿಗೆ ಓಡಿದ, ಬಂದು ಮತ್ತೆ ಕುಡಿದ. ದೀಪ ಹಚ್ಚುವ ಹೊತ್ತಿಗೆ, ತನಗೇನು ಬೇಕೆಂಬುದು ಬಾಳಿನಲ್ಲಿ ಮೊದಲ ಸಲ ಅವನಿಗೆ ಗೊತ್ತಾಗಿತ್ತು: ಕಡು ಚಹಾ, ತೊಟ್ಟು ಹಾಲು, ಸಕ್ಕರೆ ಬೇಡ.

ಮರುದಿನ ಬಾಗಿಲಲ್ಲೇ ಅವಳನ್ನು ತಡೆದು ಕೇಳಿದ. "ಡಾಟ್, ನಿಂಗೆ ಹೇಗ್ ಬೇಕು?"

ಅವಳು ಹೇಳಿದಳು, ಅವನು ಕಾಸಿದ, ಅವಳು ಕುಡಿದಳು. ಅಲ್ಲಿಂದಾಚೆ ಅಂಚೆಯವನಿರಲಿ, ಕಿಟಕಿ ತೊಳೆಯುವವನಿರಲಿ, ಮನೆ ಮೆಟ್ಟಿಲು ಹತ್ತಿದವರಿಗೆಲ್ಲ ಅದೇ ಪ್ರಶ್ನೆ. ಒಮ್ಮೆ ಕೇಳಿದ್ದನ್ನು ಅವನು ಮರೆಯುತ್ತಿರಲಿಲ್ಲ. ಅವನ ಇಡೀ ಸಂಸಾರ ಎಂದರೆ ಅಷ್ಟೇ, ಯಾರ ಚಹಾ ಹೇಗೆ ಎಂಬ ನೆನಪು.

ವರ್ಷಗಳುರುಳಿದವು. ಡಾಟ್ ಮಂಡಿ ಸವೆದು ಕೆಲಸ ಬಿಟ್ಟಳು, ಒಂದು ಚಳಿಗಾಲ ತೀರಿಕೊಂಡಳು. ಅದೇ ಸುಮಾರಿಗೆ ನೆರವಿನ ಕೆಲಸವನ್ನು ಹರಾಜು ಹಾಕಿ ಹೊಸ ಕಂಪನಿಗೆ ಕೊಟ್ಟರು. ಎಲ್ಲೋ ನೆರವಿನವಳೊಬ್ಬಳು ತಾನು ನೋಡಿಕೊಳ್ಳುತ್ತಿದ್ದವರ ಫ್ರಿಜ್ಜು ಬಳಿದು ತಿಂದಿದ್ದಳಂತೆ. ಮೂಗಿಗೆ ನೆಗಡಿ ಬಂತೆಂದು ಮೂಗನ್ನೇ ಕೊಯ್ದರು: ಇನ್ನು ಮೇಲೆ ನೆರವಿನವರು ಮನೆಯವರದ್ದು ಒಂದು ಹನಿಯನ್ನೂ ಮುಟ್ಟಕೂಡದು.

ಹೊಸದಾಗಿ ಬಂದವಳು ಕೇಲಿ. ಒಳ್ಳೆಯ ಹುಡುಗಿಯೇ, ಆದರೆ ಕಾಲಿಗೆ ಚಕ್ರ. ಇವನ ಮನೆಯಾದ ಮೇಲೆ ಇನ್ನೊಂದು, ಅದರಾಚೆ ಮತ್ತೊಂದು.

"ನಿಂಗೆ ಹೇಗ್ ಬೇಕು?"

"ಬೇಡ ಚಿನ್ನ, ನಂದು ಫ್ಲಾಸ್ಕ್ ಇದೆ."

"ನಮ್ಮನೆ ಚಹಾ ಚೆನ್ನಾಗಿದೆ."

"ಇರ್ಬೋದಪ್ಪಾ. ಕುಡ್ದೆ ಅಂದ್ರೆ ನನ್ನ ಕೆಲ್ಸ ಹೋಗುತ್ತೆ. ಮಾತ್ರೆ ತಗೊಂಡ್ಯಾ?"

ಆ ಊರಿನಲ್ಲಿ ಮನೆಗೆ ಬಂದವರು ಚಹಾ ಬೇಡವೆಂದರೆ ಮುಖಕ್ಕೆ ಉಗಿದ ಹಾಗೆ. ಆದರೂ ನೆವಿಲ್ ದಿನಾ ಎರಡು ಕಪ್ ಇಡುತ್ತಿದ್ದ. ಎರಡನೆಯದು ಆರಿ, ಕೆನೆಗಟ್ಟಿ, ಸಿಂಕಿಗೆ ಹೋಗುತ್ತಿತ್ತು. ಅಷ್ಟರಲ್ಲಿ ಕಾಗದಗಳೆಲ್ಲ ಫೋನಿನೊಳಗೆ ಸೇರಿ ಅಂಚೆಯವನೂ ಅಪರೂಪವಾದ. ಕಿಟಕಿಯವನು ಉದ್ದ ಕೋಲು ಕೊಂಡು ಬೀದಿಯಿಂದಲೇ ತೊಳೆದು ಹೊರಟುಬಿಡುತ್ತಿದ್ದ.

ನಲ್ಲಿ ಮೊದಲ ಸಲ ಸೋರಿದ್ದು ತಾನಾಗಿಯೇ. ಮನೆಮಾಲೀಕರು ಪ್ಲಂಬರನನ್ನು ಕಳಿಸಿದರು. ಕ್ಲಿಫ್ ಎಂಬ ದಪ್ಪ ಆಳು, ಬಗ್ಗಿದರೆ ಪ್ಯಾಂಟು ಜಾರಿ ಅಂಡಿನ ಸೀಳು ಕಾಣುವಂಥವನು. ಬಂದವನೇ ಚೀಲ ಕುಕ್ಕಿ, "ಕೆಟಲ್ ಇಟ್ಟಿದ್ಯಾ ಗುರುವೇ? ಒಣಗಂಟಲಲ್ಲಿ ನಾನು ಸ್ಪ್ಯಾನರ್ ಮುಟ್ಟೋನಲ್ಲ" ಎಂದ.

ನೆವಿಲ್ ಕೆಟಲ್‌ಗೆ ಕೈ ಹಾಕಿದ. "ನಿಂಗೆ ಹೇಗ್ ಬೇಕು?"

"ಇಟ್ಟಿಗೆ ಬಣ್ಣ ಬರ್ಬೇಕು. ಸಕ್ಕರೆ ಮೂರು ಚಮಚ. ನನ್ನ ಹೆಂಡ್ತಿಗೆ ಮಾತ್ರ ಹೇಳ್ಬೇಡ, ಅವಳ ಲೆಕ್ಕದಲ್ಲಿ ನಾನು ಸಕ್ಕರೆ ಬಿಟ್ಟಿದೀನಿ."

ಕ್ಲಿಫ್ ಕುಡಿದ, ಬಾಯೊರೆಸಿಕೊಂಡ, ಇನ್ನೊಂದು ಕೇಳಿದ. ಫುಟ್‌ಬಾಲಿಗರನ್ನು ಬೈದ, ಮಳೆಯನ್ನು ಬೈದ, ಹೋದ. ಮನೆ ಮತ್ತೆ ಖಾಲಿಯಾಯಿತು. ಮೊದಲಿಗಿಂತ ಹೆಚ್ಚು ಖಾಲಿ.

ನೆವಿಲ್ ಯೋಚಿಸಿದ. ಅವನ ಯೋಚನೆ ನಿಧಾನ, ಆದರೆ ಹಿಡಿದ ದಾರಿ ಬಿಡುವುದಿಲ್ಲ. ನಲ್ಲಿ ಸೋರಿದರೆ ಕ್ಲಿಫ್ ಬರುತ್ತಾನೆ. ಚಮಚದ ಹಿಡಿಯಿಂದ ನಲ್ಲಿಯ ಕತ್ತನ್ನು ಮೀಟಿದ. ಕ್ಲಿಫ್ ಬಂದ, ಇಟ್ಟಿಗೆ ಬಣ್ಣದ ಚಹಾ ಆಗಲೇ ಸಿದ್ಧವಿತ್ತು. ಇನ್ನೊಂದು ವಾರ ಸಿಂಕಿಗೆ ಚಿಂದಿ ತುರುಕಿದ. ಕ್ಲಿಫ್ ಬಂದ. ಅದಾದ ಮೇಲೆ ನಲ್ಲಿಯ ತಲೆಯನ್ನೇ ಕಿತ್ತ.

ಕ್ಲಿಫ್‌ನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಬಾಯಿ ಮಾತ್ರ ಸಡಿಲು. ಮನೆಮಾಲೀಕರ ಆಫೀಸಿನಲ್ಲಿ ನಗಾಡಿದ: "ಟ್ರಾಮ್ ಪಕ್ಕದ ಮುದುಕ ನಲ್ಲಿ ಜೊತೆ ಕುಸ್ತಿ ಆಡ್ತಾನೆ ಕಣ್ರೀ!" ಆ ನಗು ನೆರವಿನ ಕಂಪನಿಗೆ ಮುಟ್ಟುವಷ್ಟರಲ್ಲಿ ದೂರಿನ ರೂಪ ತಾಳಿತ್ತು.

ಮ್ಯಾನೇಜರ್ ಫಿಲಿಪ್ಪಾ ಬಂದಳು, ಜೊತೆಗೆ ಕೇಲಿ. ನೆವಿಲ್ ಇದ್ದ ಕಪ್‌ಗಳನ್ನೆಲ್ಲ ತೊಳೆದಿಟ್ಟಿದ್ದ. "ನಿಂಗೆ ಹೇಗ್..."

"ಬೇಡ ನೆವಿಲ್, ಥ್ಯಾಂಕ್ಸ್. ಕೂತ್ಕೊಳ್ಳಿ. ನಲ್ಲಿ ಯಾಕೆ ಮುರಿದ್ರಿ? ಕೋಪ ಬಂದಿತ್ತಾ?"

"ಇಲ್ಲ."

"ಹೀಗೇ ಆದ್ರೆ ನೀವೊಬ್ರೇ ಇರೋದು ಕಷ್ಟ ಆಗುತ್ತೆ. ಪ್ರೆಸ್ಟನ್‌ನಲ್ಲಿ ನಮ್ದೊಂದು ಮನೆ ಇದೆ, ತುಂಬಾ ಜನ ಒಟ್ಟಿಗಿದಾರೆ. ಹಗಲೂ ರಾತ್ರಿ ನೋಡ್ಕೊಳ್ಳೋರಿದಾರೆ."

"ಅಡುಗೆಮನೆ?"

"ಸುರಕ್ಷತೆಗೆ ಅದಕ್ಕೆ ಬೀಗ ಹಾಕಿರ್ತಾರೆ. ಚಹಾ ಎಲ್ಲ ಅವರೇ ಮಾಡಿ ತಂದುಕೊಡ್ತಾರೆ. ಎಷ್ಟು ಆರಾಮ!"

ನೆವಿಲ್‌ನ ಕಣ್ಣ ಮುಂದೆ ಹಂಡೆ ಬಂದು ನಿಂತಿತು. ಜೇಬಿನಲ್ಲಿದ್ದ ಕೀಲಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡ. "ಕ್ಲಿಫ್ ಕುಡೀತಾನೆ" ಎಂದ.

"ಏನು?"

"ಕ್ಲಿಫ್ ಚಹಾ ಕುಡೀತಾನೆ. ನೀವು ಕುಡಿಯಲ್ಲ."

ಫಿಲಿಪ್ಪಾಳಿಗೆ ತಲೆಬುಡ ತಿಳಿಯಲಿಲ್ಲ. ಕೇಲಿಯ ಕಿವಿ ಕೆಂಪಾಯಿತು. "ಅಯ್ಯೋ ಮೇಡಂ, ಚಹಾ ಕುಡಿಯೋಕೆ ಒಬ್ರು ಬರ್ಲಿ ಅಂತ ಮುರ್ದಿದಾನೆ ಇವ್ನು!"

ಫಿಲಿಪ್ಪಾ ಕಟುಕಳೇನಲ್ಲ. ಮೂಗು ಒರೆಸಿಕೊಂಡಳು, ಫೋನಿನಲ್ಲಿ ಯಾರೊಡನೆಯೋ ಮಾತಾಡಿದಳು, ದಾರಿ ಹುಡುಕಿದಳು. ಪ್ರತಿ ಬುಧವಾರ ಕೇಲಿ ಕುಳಿತು ಚಹಾ ಕುಡಿಯತಕ್ಕದ್ದು. ಅದು ಅವಳ ಕೆಲಸದ ಭಾಗ. ಚಹಾಪುಡಿ, ಹಾಲು, ಸಕ್ಕರೆ ಕಂಪನಿಯದ್ದು. ನಿಯಮಕ್ಕೂ ಊನವಿಲ್ಲ. "ಆದ್ರೆ ನೆವಿಲ್, ನಲ್ಲಿಗೆ ಇನ್ನೊಂದ್ಸಲ ಕೈ ಹಾಕಿದ್ರೆ ಪ್ರೆಸ್ಟನ್ನೇ. ಗೊತ್ತಾಯ್ತಾ?"

ಗೊತ್ತಾಯಿತು.

ಬುಧವಾರ ನೆವಿಲ್ ಬೆಳಗ್ಗೆಯೇ ತಲೆ ಬಾಚಿ ಕುಳಿತ. ಕೇಲಿ ಬಂದಳು, ಕಂಪನಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು, ಫೋನು ತೆಗೆದಳು. ಇಷ್ಟು ದಿನ ಕಾದಿದ್ದ ಪ್ರಶ್ನೆಯನ್ನು ಅವನು ಕೇಳಿದ.

"ಕೇಲಿ, ನಿಂಗೆ ಹೇಗ್ ಬೇಕು?"

"ಹೇಗಾದ್ರೂ ಆಗ್ಲಿ ಚಿನ್ನ," ಎಂದಳು ಫೋನಿನಿಂದ ಕಣ್ಣೆತ್ತದೆ. "ನಂಗೇನೂ ವ್ಯತ್ಯಾಸ ಆಗಲ್ಲ."

ಕೆಟಲ್ ಹಿಡಿದು ನೆವಿಲ್ ನಿಂತೇಬಿಟ್ಟ. ಹೇಗಾದರೂ ಆಗುವ ಚಹಾ ಅವನಿಗೆ ಒಂದೇ ಗೊತ್ತಿತ್ತು, ಹಂಡೆಯದು. ಪುಡಿ, ಹಾಲು, ಸಕ್ಕರೆ ಎಲ್ಲ ಒಟ್ಟಿಗೆ ಸುರಿದು ಕಲಸಿ ಕೊಟ್ಟ. ಕೇಲಿ ಗಟಗಟ ಕುಡಿದು, "ಚೆನ್ನಾಗಿದೆ" ಎಂದಳು. ಮುಂದಿನ ಮನೆಯವರು ಕಾಯುತ್ತಿದ್ದರು, ಓಡಿದಳು.

ಅವನು ಕಪ್ ತೊಳೆದು ನಲ್ಲಿ ನಿಲ್ಲಿಸಿದ. ಅದು ಸೋರುತ್ತಿರಲಿಲ್ಲ. ಆದರೂ ಇನ್ನಷ್ಟು ಬಿಗಿದ. ಚಮಚಗಳನ್ನೆಲ್ಲ ಬಾಚಿ ಡ್ರಾಯರಿನ ಒಳಮೂಲೆಗೆ ತಳ್ಳಿದ. ಆಮೇಲೆ ಕಿಟಕಿಯ ಬಳಿ ಕುಳಿತು, ಕೀಲಿಯನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಕಡು ಚಹಾವನ್ನು ಒಬ್ಬನೇ ಕುಡಿದ.